ಸರಾಸರಿಯ ಮರೆಯಲ್ಲಿ ನಾಲ್ಕು ತಾಲ್ಲೂಕುಗಳು: ವಿಜಯಪುರ ಜಿಲ್ಲೆಯ ಆರೋಗ್ಯ ಸಿಬ್ಬಂದಿಯ ಎಣಿಕೆ ಮತ್ತು ಅರ್ಹತೆ

ಭಾರತದಲ್ಲಿ ವೈದ್ಯರು ಎಷ್ಟಿದ್ದಾರೆ ಎಂಬ ಪ್ರಶ್ನೆಗೆ ಎರಡು ದಾರಿಗಳಿಂದ ಉತ್ತರ ಹುಡುಕಬಹುದು. ವೈದ್ಯಕೀಯ ಪರಿಷತ್ತುಗಳ ನೋಂದಣಿ ಪುಸ್ತಕ ತೆರೆದರೆ ಒಂದು ಸಂಖ್ಯೆ ಸಿಗುತ್ತದೆ. ಮನೆಮನೆಗೆ ಹೋಗಿ ಉದ್ಯೋಗ ಯಾವುದೆಂದು ಕೇಳಿದರೆ ಇನ್ನೊಂದು ಸಂಖ್ಯೆ ಸಿಗುತ್ತದೆ. ಪುಸ್ತಕದಲ್ಲಿ ತೀರಿಹೋದವರು, ವಿದೇಶ ಸೇರಿದವರು, ವೃತ್ತಿ ಬಿಟ್ಟವರು ಉಳಿದುಕೊಂಡಿರುತ್ತಾರೆ. ಮನೆಯ ಎಣಿಕೆಯಲ್ಲಿ ಪದವಿಯಿಲ್ಲದೆ ಡಾಕ್ಟರೆನಿಸಿಕೊಂಡವರೂ ಸೇರಿಕೊಳ್ಳುತ್ತಾರೆ. ಸುಧೀರ್ ಆನಂದ್ ಮತ್ತು ವಿಕ್ಟೋರಿಯಾ ಫ್ಯಾನ್ ಹಿಡಿದದ್ದು ಎರಡನೆಯ ದಾರಿ. 2001ರ ಜನಗಣತಿಯಲ್ಲಿ ಜನ ತಮ್ಮ ಉದ್ಯೋಗದ ಬಗ್ಗೆ ಹೇಳಿದ್ದನ್ನೂ ವಿದ್ಯಾಭ್ಯಾಸದ ಬಗ್ಗೆ ಹೇಳಿದ್ದನ್ನೂ ಅವರು ಎದುರುಬದುರು ಇಟ್ಟು ನೋಡಿದರು. ಅವರ ಅಧ್ಯಯನವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿತು.

ಆ ಅಧ್ಯಯನದ ಪ್ರಕಾರ 2001ರಲ್ಲಿ ದೇಶದಲ್ಲಿ ಸುಮಾರು 20.7 ಲಕ್ಷ ಆರೋಗ್ಯ ಕಾರ್ಯಕರ್ತರಿದ್ದರು. ಅವರಲ್ಲಿ 8.19 ಲಕ್ಷ ವೈದ್ಯರು, 6.3 ಲಕ್ಷ ದಾದಿಯರು ಮತ್ತು ಸೂಲಗಿತ್ತಿಯರು. ಲಕ್ಷ ಜನಸಂಖ್ಯೆಗೆ ಸುಮಾರು 80 ವೈದ್ಯರು, 61 ದಾದಿ-ಸೂಲಗಿತ್ತಿಯರು. ವೈದ್ಯರಲ್ಲಿ ಶೇ. 77.2ರಷ್ಟು ಅಲೋಪಥಿಯವರು, ಉಳಿದವರು ಆಯುರ್ವೇದ, ಹೋಮಿಯೋಪಥಿ, ಯುನಾನಿಯವರು. ಇಷ್ಟೇ ಆಗಿದ್ದರೆ ವರದಿಯನ್ನು ಯಾರೂ ನೆನಪಿಡುತ್ತಿರಲಿಲ್ಲ. ಅಲೋಪಥಿ ವೈದ್ಯರೆಂದು ಹೇಳಿಕೊಂಡವರಲ್ಲಿ ಶೇ. 57.3 ಮಂದಿಗೆ ವೈದ್ಯಕೀಯ ವಿದ್ಯಾರ್ಹತೆಯೇ ಇರಲಿಲ್ಲ ಎಂಬ ಅಂಕಿ ಮಾತ್ರ ಗದ್ದಲವೆಬ್ಬಿಸಿತು. ನಗರಗಳಲ್ಲಿ ಶೇ. 58.4 ಮಂದಿ ಅರ್ಹರಾಗಿದ್ದರೆ ಹಳ್ಳಿಗಳಲ್ಲಿ ಅರ್ಹರು ಶೇ. 18.8 ಮಾತ್ರ. ದಾದಿ-ಸೂಲಗಿತ್ತಿಯರಲ್ಲಿ ಅರ್ಹತೆ ಪಡೆದವರು ಹತ್ತಕ್ಕೆ ಒಬ್ಬರು.

ಈ ಅಂಕಿಗೆ ದಿಲ್ಲಿಯಲ್ಲಿ ಸಿಕ್ಕ ಸ್ವಾಗತವೂ ಗಮನಿಸತಕ್ಕದ್ದು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವರು ಅದನ್ನು ತಪ್ಪು ಅಂಕಿಯೆಂದು ಲೋಕಸಭೆಯಲ್ಲಿ ತಳ್ಳಿಹಾಕಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಬಂತು. ಅದರ 32ನೇ ಕಲಮು ಸಮುದಾಯ ಆರೋಗ್ಯ ಸೇವಾದಾರರೆಂಬ ಹೊಸ ವರ್ಗಕ್ಕೆ ಸೀಮಿತ ಪರವಾನಗಿ ಕೊಡಲು ಅವಕಾಶ ಮಾಡಿತು. ಅದನ್ನು ಸಮರ್ಥಿಸಲು ಸರ್ಕಾರ ಹೊರಡಿಸಿದ ವಿವರಣೆಯಲ್ಲಿ ಅದೇ ಶೇ. 57.3 ಆಧಾರವಾಗಿ ಕಾಣಿಸಿಕೊಂಡಿತು. ಒಂದೇ ವರ್ಷದಲ್ಲಿ ಅಂಕಿ ಬದಲಾಗಿರಲಿಲ್ಲ, ಅಗತ್ಯ ಬದಲಾಗಿತ್ತು. ಆರೋಗ್ಯ ಸಿಬ್ಬಂದಿಯ ಎಣಿಕೆ ಎಷ್ಟು ರಾಜಕೀಯವಾದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಲೇಖನದ ಕಾಳಜಿ ದಿಲ್ಲಿಯದಲ್ಲ. ಆನಂದ್-ಫ್ಯಾನ್ ಅಧ್ಯಯನ ರಾಜ್ಯಗಳನ್ನು ದಾಟಿ ಜಿಲ್ಲೆಯವರೆಗೆ ಇಳಿಯಿತು, ಅಲ್ಲಿಗೆ ನಿಂತಿತು. ಜಿಲ್ಲೆಯ ಕೆಳಗಿನ ಮೆಟ್ಟಿಲು ತಾಲ್ಲೂಕು. ವಿಜಯಪುರದಂಥ ಜಿಲ್ಲೆಯಲ್ಲಿ ಆ ಒಂದು ಮೆಟ್ಟಿಲು ಇಳಿಯದಿದ್ದರೆ ಕಾಣುವ ಚಿತ್ರವೇ ಬೇರೆಯಾಗುತ್ತದೆ ಎಂಬುದು ನನ್ನ ವಾದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮೂಲಕ ಅದನ್ನು ಪರಿಶೀಲಿಸುತ್ತೇನೆ.

ಜಿಲ್ಲೆ ಎಂಬ ಮುಸುಕು

1997ರಲ್ಲಿ ಬಾಗಲಕೋಟೆ ಬೇರೆಯಾದ ಮೇಲೆ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯಲ್ಲಿ ಐದು ತಾಲ್ಲೂಕುಗಳು ಉಳಿದವು: ಜಿಲ್ಲಾಕೇಂದ್ರದ ತಾಲ್ಲೂಕು ಮತ್ತು ಮೇಲೆ ಹೇಳಿದ ನಾಲ್ಕು. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 18,06,918; 2011ರಲ್ಲಿ 21,77,331. ಇದರಲ್ಲಿ ನಗರವಾಸಿಗಳು ಶೇ. 23ರಷ್ಟು. ವಿಜಯಪುರ ನಗರವೊಂದರಲ್ಲೇ ಸುಮಾರು 3.27 ಲಕ್ಷ ಜನ, ಅಂದರೆ ಜಿಲ್ಲೆಯ ಶೇ. 15.

ಆ ಶೇ. 15ರ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್-ಅಮೀನ್ ಕಾಲೇಜು 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ಕಾಲೇಜು 1986ರಲ್ಲಿ ಆರಂಭವಾದವು, ಎರಡೂ ಖಾಸಗಿ. ಬಿ.ಎಲ್.ಡಿ.ಇ.ಯ ಬೇರು 1910ರದು, ವಚನಗಳಿಗಾಗಿ ಮನೆಮನೆಯ ತಾಡೋಲೆ ಹುಡುಕಿದ ಫ.ಗು. ಹಳಕಟ್ಟಿಯವರ ಕಾಲದ್ದು. ಅವರು ಓಲೆಗಳಿಗೆ ತೋರಿಸಿದ ಶ್ರದ್ಧೆಯನ್ನು ಈ ಜಿಲ್ಲೆಯ ಡಾಕ್ಟರುಗಳ ಎಣಿಕೆಗೆ ಯಾರೂ ತೋರಿಸಿಲ್ಲ ಎಂದರೆ ಅತಿಯಾದೀತೇನೋ, ಸುಳ್ಳಾಗದು. ಎರಡು ಬೋಧನಾ ಆಸ್ಪತ್ರೆಗಳ ಪ್ರಾಧ್ಯಾಪಕರು, ಸ್ನಾತಕೋತ್ತರ ವಿದ್ಯಾರ್ಥಿಗಳು, ತರಬೇತಿ ವೈದ್ಯರು, ಜತೆಗೆ ಜಿಲ್ಲಾ ಆಸ್ಪತ್ರೆಯ ಸಿಬ್ಬಂದಿ, ಖಾಸಗಿ ನರ್ಸಿಂಗ್ ಹೋಮುಗಳವರು: ಇವರೆಲ್ಲರೂ ಜಿಲ್ಲೆಯ ಲೆಕ್ಕದಲ್ಲಿ ಬರುತ್ತಾರೆ.

ಈಗ ಒಂದು ಗಣಿತ ಮಾಡಿ ನೋಡೋಣ. ಇದು ಕಲ್ಪಿತ ಗಣಿತ, ಸಮೀಕ್ಷೆಯ ಫಲಿತಾಂಶವಲ್ಲ. ಜಿಲ್ಲೆಯಲ್ಲಿ ಲಕ್ಷಕ್ಕೆ 100 ವೈದ್ಯರಿದ್ದಾರೆ ಎಂದಿಟ್ಟುಕೊಳ್ಳಿ. ಒಟ್ಟು 2,177 ಮಂದಿ ಆಗುತ್ತಾರೆ. ಅವರಲ್ಲಿ ಶೇ. 70 ಮಂದಿ ನಗರದಲ್ಲಿದ್ದರೆ ನಗರದ ಸಾಂದ್ರತೆ ಲಕ್ಷಕ್ಕೆ ಸುಮಾರು 465ಕ್ಕೆ ಏರುತ್ತದೆ, ಉಳಿದ ಜಿಲ್ಲೆಯದು 35ಕ್ಕೆ ಇಳಿಯುತ್ತದೆ. ಸರಾಸರಿ ಮಾತ್ರ 100ರಲ್ಲೇ ಕೂತಿರುತ್ತದೆ. 2001ರ ರಾಷ್ಟ್ರೀಯ ಸರಾಸರಿ 80. ಹಾಗಾಗಿ ಬೆಂಗಳೂರಿನ ಮೇಜಿನ ಮೇಲೆ ಈ ಜಿಲ್ಲೆ ಚಿಂತೆಗೆ ಕಾರಣವಿಲ್ಲದ ಜಿಲ್ಲೆಯಾಗಿಬಿಡುತ್ತದೆ. ವೈದ್ಯಕೀಯ ಕಾಲೇಜಿಲ್ಲದ ಜಿಲ್ಲೆಯ ಸರಾಸರಿ ಹೆಚ್ಚು ಪ್ರಾಮಾಣಿಕ. ಕಾಲೇಜಿರುವ ಜಿಲ್ಲೆಯ ಸರಾಸರಿಯನ್ನು ನಂಬುವ ಮೊದಲು ಅದನ್ನು ಒಡೆದು ನೋಡಬೇಕು.

ತಾಲ್ಲೂಕನ್ನು ಘಟಕವಾಗಿಸಿದ ಒಂದು ಪ್ರಯತ್ನ ಕರ್ನಾಟಕದಲ್ಲೇ ಆಗಿದೆ. ಡಿ.ಎಂ. ನಂಜುಂಡಪ್ಪ ನೇತೃತ್ವದ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ಆ ಸೂಚಕಗಳಲ್ಲಿ ಹತ್ತು ಸಾವಿರ ಜನಕ್ಕೆ ಸರ್ಕಾರಿ ಮತ್ತು ಖಾಸಗಿ ವೈದ್ಯರೆಷ್ಟು, ಸರ್ಕಾರಿ ಹಾಸಿಗೆಗಳೆಷ್ಟು ಎಂಬವೂ ಇದ್ದವು. 114 ತಾಲ್ಲೂಕುಗಳು ಹಿಂದುಳಿದವೆಂದು ತೀರ್ಮಾನವಾಯಿತು. ನಮ್ಮ ನಾಲ್ಕೂ ಆ ಪಟ್ಟಿಯಲ್ಲಿವೆ. ಸಮಿತಿಯ ದೊಡ್ಡ ಗುಣವೆಂದರೆ ಜಿಲ್ಲೆಯ ಸರಾಸರಿಗೆ ಅದು ಮರುಳಾಗಲಿಲ್ಲ. ಅದರ ಮಿತಿಯೂ ಇಲ್ಲೇ ಇದೆ: ಅದು ವೈದ್ಯರ ತಲೆ ಎಣಿಸಿತು, ಪದವಿ ಕೇಳಲಿಲ್ಲ. ಆನಂದ್-ಫ್ಯಾನ್ ಪದವಿ ಕೇಳಿದರು, ತಾಲ್ಲೂಕಿಗೆ ಇಳಿಯಲಿಲ್ಲ. ಎರಡನ್ನೂ ಕೂಡಿಸಿದ ಕೆಲಸ ಇನ್ನೂ ಆಗಬೇಕಿದೆ.

ಇದರ ನಡುವೆ ತಾಲ್ಲೂಕುಗಳೇ ಒಡೆದುಹೋದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ವಿಜಯಪುರದಿಂದ ತಿಕೋಟಾ, ಬಬಲೇಶ್ವರ. ಐದು ಹೋಗಿ ಹದಿಮೂರಾಯಿತು. ತಹಶೀಲ್ದಾರರ ಬೋರ್ಡು ಬಂದಷ್ಟು ಬೇಗ ನೂರು ಹಾಸಿಗೆಯ ಆಸ್ಪತ್ರೆ ಬರುವುದಿಲ್ಲ. ಹಳೆಯ ಅಂಕಿ ಹಳೆಯ ಗಡಿಗೆ, ಹೊಸ ಅಂಕಿ ಹೊಸ ಗಡಿಗೆ ಎಂದಾದರೆ ಹೋಲಿಕೆಯೇ ಮುರಿದುಬೀಳುತ್ತದೆ. ಸಂಶೋಧಕರು ಹಳೆಯ ಐದರ ಚೌಕಟ್ಟಿಗೂ ಲೆಕ್ಕ ಇಟ್ಟುಕೊಳ್ಳುವುದು ಲೇಸು. ಈ ಲೇಖನದಲ್ಲಿ ನಾನು ಮಾಡಿರುವುದೂ ಅದನ್ನೇ.

ಹಗಲಿನ ವೈದ್ಯ, ರಾತ್ರಿಯ ವೈದ್ಯ

ಜನಗಣತಿ ಮನುಷ್ಯನನ್ನು ಅವನು ವಾಸಿಸುವಲ್ಲಿ ಎಣಿಸುತ್ತದೆ. ಆರೋಗ್ಯ ಇಲಾಖೆ ಅವನ ಹುದ್ದೆ ಇರುವಲ್ಲಿ ಎಣಿಸುತ್ತದೆ. ವಿಜಯಪುರದಿಂದ ಬಸವನ ಬಾಗೇವಾಡಿ ಸುಮಾರು 45 ಕಿ.ಮೀ., ಇಂಡಿ ಮತ್ತು ಸಿಂದಗಿ 55ರಿಂದ 60, ಮುದ್ದೇಬಿಹಾಳ ಸುಮಾರು 80. ಮಕ್ಕಳ ಶಾಲೆ, ಗಂಡನ ಅಥವಾ ಹೆಂಡತಿಯ ನೌಕರಿ, ಬಾಡಿಗೆಗೆ ಯೋಗ್ಯವಾದ ಮನೆ ಎಲ್ಲವೂ ನಗರದಲ್ಲಿ. ಹುದ್ದೆ ಮಾತ್ರ ತಾಲ್ಲೂಕಿನಲ್ಲಿ. ಬೆಳಿಗ್ಗೆ ಬಂದು ಸಂಜೆ ಹೋಗುವ ವೈದ್ಯರನ್ನು ಜನಗಣತಿ ನಗರಕ್ಕೆ ಸೇರಿಸುತ್ತದೆ, ಇಲಾಖೆ ಬಾಗೇವಾಡಿಗೆ ಸೇರಿಸುತ್ತದೆ. ಎರಡೂ ಸತ್ಯವೇ, ತಂತಮ್ಮ ಹೊತ್ತಿಗೆ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಹೊತ್ತು ನೋಡಿ ಬರುವುದಿಲ್ಲವಾದ್ದರಿಂದ ರೋಗಿಯ ಪಾಲಿಗೆ ರಾತ್ರಿಯ ಲೆಕ್ಕವೇ ಹೆಚ್ಚು ಸತ್ಯ. ಈ ಓಡಾಟವನ್ನು ಬರಿಯ ಕರ್ತವ್ಯಲೋಪವೆಂದು ಬಗೆದು ಸಸ್ಪೆಂಡಿನ ಬೆದರಿಕೆ ಹಾಕುವುದು ಸುಲಭ. ವಸತಿಗೃಹ, ನೀರು, ಶಾಲೆ ಕೊಡದೆ ಬೆದರಿಕೆಯಿಂದ ಯಾರನ್ನೂ ಊರಲ್ಲಿ ಉಳಿಸಿದ ಉದಾಹರಣೆ ಕಡಿಮೆ.

ತಜ್ಞರ ವಿಷಯದಲ್ಲಿ ಗಣಿತ ಇನ್ನೂ ಕಠಿಣ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಪ್ರಸೂತಿ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ ಮೂವರೂ ಒಂದೇ ಹೊತ್ತಿಗೆ ಬೇಕು, ರಕ್ತ ಸಂಗ್ರಹವೂ ಬೇಕು. ಅರಿವಳಿಕೆಯವರ ಒಂದು ಹುದ್ದೆ ಖಾಲಿಯಿದ್ದರೆ ದಾಖಲೆಯಲ್ಲಿ ಮೂರರಲ್ಲಿ ಎರಡು ಭರ್ತಿ, ಶೇ. 67. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸೊನ್ನೆ. ಹುದ್ದೆ ಭರ್ತಿಯ ಶೇಕಡಾವಾರು ಪಟ್ಟಿಗಳು ಈ ಕಾರಣಕ್ಕೇ ನಿರುಪಯುಕ್ತ. ಎಷ್ಟು ದಿನ, ಎಷ್ಟು ರಾತ್ರಿ ಮೂವರೂ ಒಟ್ಟಿಗಿದ್ದರು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಆಗ ರೋಗಿ ಊರು ಬಿಡುತ್ತಾನೆ. ಇಲ್ಲಿ ನಾಲ್ಕು ತಾಲ್ಲೂಕುಗಳ ಮುಖ ನಾಲ್ಕು ಕಡೆಗೆ. ಇಂಡಿ-ಚಡಚಣದವರು ಸೊಲ್ಲಾಪುರಕ್ಕೆ ಹೋಗುತ್ತಾರೆ; ಅಲ್ಲಿ 1963ರಲ್ಲಿ ಆರಂಭವಾದ, ಈಗ ಸರ್ಕಾರಿಯಾಗಿರುವ ವೈದ್ಯಕೀಯ ಕಾಲೇಜಿದೆ. ಸಿಂದಗಿಯ ಪೂರ್ವದ ಹಳ್ಳಿಗಳಿಗೆ ಕಲಬುರಗಿಯೂ ಒಂದು ದಾರಿ. ಮುದ್ದೇಬಿಹಾಳದವರಿಗೆ ಬಾಗಲಕೋಟೆ. ಬಾಗೇವಾಡಿಯವರಿಗೆ ವಿಜಯಪುರವೇ ಹತ್ತಿರ. ಹಿಂದಿನ ತಲೆಮಾರಿಗೆ ಎಲ್ಲಕ್ಕಿಂತ ದೊಡ್ಡ ಹೆಸರು ಮಿರಜ. ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಜನ ಹೋಗುತ್ತಿದ್ದರು. 'ಮಿರಜಕ್ಕ ಒಯ್ದ್ರು' ಎಂದರೆ ಕಾಯಿಲೆ ಕೈಮೀರಿದೆ ಎಂದೇ ಅರ್ಥ. ಜಿಲ್ಲೆಯ ಗಡಿಯೊಳಗೆ ವೈದ್ಯರನ್ನೂ ರೋಗಿಗಳನ್ನೂ ಭಾಗಿಸುವ ಸಾಂದ್ರತೆಯ ಸೂತ್ರಕ್ಕೆ ಈ ಓಡಾಟ ಗೊತ್ತೇ ಇಲ್ಲ.

ಭೀಮೆಯ ಆಚೆ ದಡ ಈ ಕಥೆಗೆ ಇನ್ನೊಂದು ತಿರುವು ಕೊಡುತ್ತದೆ. ಸಿಂದಗಿ, ಆಲಮೇಲ, ಇಂಡಿಗಳ ಎದುರಿಗಿರುವ ಅಫಜಲಪುರ ಕಲಬುರಗಿ ಜಿಲ್ಲೆಯದು. ಸಂವಿಧಾನದ 98ನೇ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕಕ್ಕೆಂದು ಬಂದ 371(ಜೆ) ವಿಧಿ ಅಲ್ಲಿ ಅನ್ವಯಿಸುತ್ತದೆ. ಎ ಮತ್ತು ಬಿ ವೃಂದದ ಹುದ್ದೆಗಳಲ್ಲಿ ಶೇ. 75, ಸಿ ವೃಂದದಲ್ಲಿ ಶೇ. 80, ಡಿ ವೃಂದದಲ್ಲಿ ಶೇ. 85 ಸ್ಥಳೀಯರಿಗೆ, ಆ ಪ್ರದೇಶದ ಉನ್ನತ ಶಿಕ್ಷಣದ ಸೀಟುಗಳಲ್ಲಿ ಶೇ. 70 ಸ್ಥಳೀಯರಿಗೆ. ಮುದ್ದೇಬಿಹಾಳದ ಪಕ್ಕದ ಲಿಂಗಸೂಗೂರು, ಸುರಪುರಗಳಿಗೂ ಇದೇ ಸೌಲಭ್ಯ. ವಿಜಯಪುರ ಜಿಲ್ಲೆ ನಿಜಾಮರ ಸಂಸ್ಥಾನದ್ದಾಗಿರದೆ ಮುಂಬಯಿ ಪ್ರಾಂತ್ಯದ್ದಾಗಿತ್ತು, ಹಾಗಾಗಿ ಹೊರಗೆ. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದು ಹೆಸರು ಬಂತು, ಹುದ್ದೆ ಬರಲಿಲ್ಲ. ಅದೇ ಕಪ್ಪು ಮಣ್ಣು, ಅದೇ ಬರ, ಅದೇ ಗುಳೆ. ವೈದ್ಯ ಹುದ್ದೆಯ ನಿಯಮ ಮಾತ್ರ ಬೇರೆ. ಊರಿನ ಹುಡುಗಿಯೇ ಡಾಕ್ಟರಾದರೆ ಊರಲ್ಲಿ ನಿಲ್ಲುವ ಸಂಭವ ಹೆಚ್ಚು ಎಂಬುದನ್ನು ಜಗತ್ತಿನ ಅನೇಕ ದೇಶಗಳ ಅನುಭವ ತೋರಿಸಿದೆ. ಸ್ಥಳೀಯರಿಗೆ ಮೀಸಲು ಕೊಡುವ ತರ್ಕ ಆರೋಗ್ಯ ಕ್ಷೇತ್ರದಲ್ಲಾದರೂ ಹಳೆಯ ಸಂಸ್ಥಾನದ ಗಡಿಗೆ ಕಟ್ಟುಬೀಳಬೇಕಾಗಿಲ್ಲ.

ಯಾರು ಡಾಕ್ಟರು?

1946ರ ಭೋರ್ ಸಮಿತಿ ವರದಿ ಬಂದಾಗ ಬ್ರಿಟಿಷ್ ಭಾರತದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ವೈದ್ಯ, 43,000 ಜನಕ್ಕೆ ಒಬ್ಬ ದಾದಿ. ನೋಂದಾಯಿತ ಸುಮಾರು 47,500 ವೈದ್ಯರಲ್ಲಿ ಹೆಚ್ಚುಕಡಿಮೆ 30,000 ಮಂದಿ ಪದವೀಧರರಲ್ಲ, ಲೈಸೆನ್ಷಿಯೇಟ್‌ಗಳು. ಮುಂಬಯಿ ಪ್ರಾಂತ್ಯದ ವಿಜಾಪುರದಲ್ಲಿ ಆ ಕಾಲದ ಡಾಕ್ಟರೆಂದರೆ ಹೆಸರಿನ ಮುಂದೆ ಎಲ್.ಸಿ.ಪಿ.ಎಸ್. ಬರೆದುಕೊಂಡವರೂ ಹೌದು. ಸಮಿತಿಯ ಬಹುಮತ ಈ ಕಿರಿಯ ಕೋರ್ಸನ್ನು ನಿಲ್ಲಿಸಿ ಒಂದೇ ದರ್ಜೆಯ 'ಮೂಲ ವೈದ್ಯ'ನನ್ನು ರೂಪಿಸಬೇಕೆಂದಿತು. ಕೆಲವು ಸದಸ್ಯರು ಭಿನ್ನಮತ ಬರೆದರು. ಆದರ್ಶವಾಗಿ ಬಹುಮತದ ನಿಲುವು ಸರಿಯಾದದ್ದೇ. ಆದರೆ ಹಳ್ಳಿಗೆ ಹೋಗುತ್ತಿದ್ದವನನ್ನು ತೆಗೆದುಹಾಕಿ, ಅವನ ಜಾಗಕ್ಕೆ ಹಳ್ಳಿಗೆ ಹೋಗದವನನ್ನು ತಯಾರಿಸಿದ ಫಲವನ್ನು ಸಿಂದಗಿ, ಇಂಡಿಯ ಹಳ್ಳಿಗಳು ಇಂದಿಗೂ ಉಣ್ಣುತ್ತಿವೆ. 2019ರ ಕಾಯ್ದೆಯ 32ನೇ ಕಲಮು ಅದೇ ಲೈಸೆನ್ಷಿಯೇಟ್‌ನನ್ನು ಹಿಂಬಾಗಿಲಿನಿಂದ ಕರೆತರುವ ಯತ್ನ ಎಂದು ಓದಬಹುದು.

ಖಾಲಿಯಾದ ಜಾಗ ಖಾಲಿಯಾಗಿ ಉಳಿಯಲಿಲ್ಲ. ಬಿ.ಎ.ಎಂ.ಎಸ್. ಪದವೀಧರರು, ಡಾಕ್ಟರ ಕೈಕೆಳಗೆ ಕಾಂಪೌಂಡರಾಗಿ ಕಲಿತವರು, ಔಷಧಿ ಅಂಗಡಿಯವರು, ಊರವರ ಬಾಯಲ್ಲಿ 'ಆರ್.ಎಂ.ಪಿ. ಡಾಕ್ಟ್ರು' ಎನಿಸಿಕೊಂಡವರು ಅದನ್ನು ತುಂಬಿದರು. ಈ ಎಲ್ಲರನ್ನೂ 'ನಕಲಿ ವೈದ್ಯ' ಎಂಬ ಒಂದೇ ಚೀಲಕ್ಕೆ ಹಾಕುವುದು ಪತ್ರಿಕೆಗಳ ಅಭ್ಯಾಸ, ಸಂಶೋಧನೆಯ ಅಭ್ಯಾಸವಾಗಬಾರದು. ಆಯುರ್ವೇದ ಪದವೀಧರ ಐದೂವರೆ ವರ್ಷ ಓದಿ, 1961ರ ರಾಜ್ಯ ಕಾಯ್ದೆಯಡಿ ನೋಂದಾಯಿಸಿಕೊಂಡವನು. ಅವನು ಅಲೋಪಥಿ ಔಷಧ ಬರೆಯಬಹುದೇ ಎಂಬುದು ಬೇರೆ ಪ್ರಶ್ನೆ. ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು ಇದನ್ನು ಆಯಾ ರಾಜ್ಯದ ಕಾನೂನು ಕೊಡುವ ಅವಕಾಶಕ್ಕೆ ಬಿಟ್ಟಿತು. ಎಂ.ಬಿ.ಬಿ.ಎಸ್. ಸಿಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆಯುಷ್ ವೈದ್ಯರನ್ನು ಸರ್ಕಾರವೇ ಗುತ್ತಿಗೆಯ ಮೇಲೆ ಕೂರಿಸಿದೆ. ಕೂರಿಸಿದ ಮೇಲೆ ಅವರ ಮುಂದೆ ಬರುವ ರೋಗಿ ಕಷಾಯ ಕೇಳುವುದಿಲ್ಲ. ಸೂಜಿ ಮಾಡ್ರಿ, ಸಲಾಯಿನ್ ಹಚ್ಚರಿ ಎನ್ನುತ್ತಾನೆ.

ಪದವಿಯೇ ಇಲ್ಲದವರ ಬಗ್ಗೆ ನಮ್ಮಲ್ಲಿರುವ ಗಟ್ಟಿ ಆಧಾರ ಜಿಷ್ಣು ದಾಸ್ ಮತ್ತು ಸಂಗಡಿಗರ 2020ರ ಅಧ್ಯಯನ. 19 ರಾಜ್ಯಗಳ 1,519 ಹಳ್ಳಿಗಳಲ್ಲಿ ಅವರು ಕಂಡದ್ದು: ಸರಾಸರಿ ಹಳ್ಳಿಗೆ 3.2 ಚಿಕಿತ್ಸಕರು, ಶೇ. 86 ಖಾಸಗಿಯವರು, ಶೇ. 68 ಮಂದಿಗೆ ವಿಧಿವತ್ತಾದ ವೈದ್ಯಕೀಯ ತರಬೇತಿಯಿಲ್ಲ. ಕನ್ನಡಿಗರಿಗೆ ಮುಖ್ಯವಾದ ಫಲಿತಾಂಶ ಬೇರೆಯಿದೆ. ಕರ್ನಾಟಕ ಮತ್ತು ತಮಿಳುನಾಡಿನ ತರಬೇತಿಯಿಲ್ಲದ ಚಿಕಿತ್ಸಕರ ವೈದ್ಯಕೀಯ ತಿಳಿವಳಿಕೆ ಬಿಹಾರ, ಉತ್ತರ ಪ್ರದೇಶದ ಪೂರ್ಣ ತರಬೇತಿಯ ವೈದ್ಯರಿಗಿಂತ ಮೇಲಿತ್ತು. ಇದನ್ನು ಓದಿ ನಮ್ಮ ಆರ್.ಎಂ.ಪಿ.ಗಳಿಗೆ ಹಾರ ಹಾಕಬೇಕಿಲ್ಲ. ಬೇಡದ ಸ್ಟಿರಾಯ್ಡು, ಬೇಡದ ಆಂಟಿಬಯೋಟಿಕ್ಕು ಅವರ ಕೈಯಿಂದಲೂ ಹರಿಯುತ್ತವೆ. ಆದರೆ 'ಅರ್ಹತೆ'ಯ ಒಂದೇ ಕಂಬಕ್ಕೆ ಇಡೀ ದೇಶವನ್ನು ಕಟ್ಟಿ ಅಳೆದರೆ ಏನು ತಪ್ಪಿಹೋಗುತ್ತದೆ ಎಂಬುದನ್ನು ಈ ಫಲಿತಾಂಶ ತೋರಿಸುತ್ತದೆ. ಈ ಚಿಕಿತ್ಸಕರಲ್ಲಿ ಹಲವರು ಕಲಿತದ್ದು ಅರ್ಹ ವೈದ್ಯರ ದವಾಖಾನೆಗಳಲ್ಲೇ, ಕೆಲಸ ಮಾಡುತ್ತ. ಜ್ಞಾನ ಪದವಿಯ ಜತೆಗೆ ಮಾತ್ರ ಚಲಿಸುವುದಿಲ್ಲ, ಒಳ್ಳೆಯ ವೈದ್ಯರು ಹೆಚ್ಚಿರುವ ಸೀಮೆಯಲ್ಲಿ ಅದು ಕೆಳಕ್ಕೂ ಸೋರುತ್ತದೆ.

ಬರಿಯ ನೋಂದಣಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅನೂಪ್ ಕರಣ್ ಮತ್ತು ಸಂಗಡಿಗರ 2021ರ ಲೆಕ್ಕ ನೋಡಬೇಕು. ನೋಂದಣಿಯ ಪ್ರಕಾರ ಹತ್ತು ಸಾವಿರ ಜನಕ್ಕೆ 8.8 ವೈದ್ಯರು, 17.7 ದಾದಿಯರು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ನಿಜವಾಗಿ ದುಡಿಯುತ್ತಿರುವವರನ್ನು ತೆಗೆದರೆ 6.1 ಮತ್ತು 10.6. ಅದರಲ್ಲಿ ತಕ್ಕ ಅರ್ಹತೆಯುಳ್ಳವರನ್ನು ಮಾತ್ರ ಉಳಿಸಿದರೆ 5.0 ಮತ್ತು 6.0. ದಾದಿಯರ ಸಂಖ್ಯೆ ಮೂರನೇ ಒಂದಕ್ಕೆ ಕುಸಿಯುತ್ತದೆ. ವೈದ್ಯರ ಬಗ್ಗೆ ಆಗುವ ಗದ್ದಲದ ಕಾಲುಪಾಲೂ ಈ ಕುಸಿತದ ಬಗ್ಗೆ ಆಗಿಲ್ಲ.

ಸಿಸ್ಟರ್, ನರ್ಸಬಾಯಿ, ಆಶಾ

ದೇಶದ ಅರ್ಹ ದಾದಿಯರಲ್ಲಿ ಶೇ. 38.4 ಮಂದಿ 2001ರಲ್ಲಿ ಕೇರಳವೊಂದರಲ್ಲೇ ಇದ್ದರು. ಕರ್ನಾಟಕ ನರ್ಸಿಂಗ್ ಕಾಲೇಜುಗಳ ದೊಡ್ಡ ಕಾರ್ಖಾನೆಯಾಗಿದ್ದರೂ ಅಲ್ಲಿ ಓದಿದವರಲ್ಲಿ ಬಹಳ ಮಂದಿ ಕೇರಳದಿಂದ ಬಂದು ಕೊಲ್ಲಿ ದೇಶಗಳಿಗೆ ಹೋಗುವವರು. ಮುದ್ದೇಬಿಹಾಳದ ವಾರ್ಡಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೆ.

ಹಳ್ಳಿಗೆ ನಿಜವಾಗಿ ತಲುಪಿದವರು ಎ.ಎನ್.ಎಂ.ಗಳು. ಇಲಾಖೆಯ ಭಾಷೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಇತ್ತೀಚೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಊರಿಗೆ ಸಿಸ್ಟರ್ ಅಥವಾ ನರ್ಸಬಾಯಿ. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಮೂವತ್ತು ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ರಾಷ್ಟ್ರೀಯ ಮಾನದಂಡದಂತೆ ಜಿಲ್ಲೆಯ ಸುಮಾರು 16.75 ಲಕ್ಷ ಗ್ರಾಮೀಣ ಜನಕ್ಕೆ 335 ಉಪಕೇಂದ್ರಗಳೂ 56 ಪ್ರಾಥಮಿಕ ಕೇಂದ್ರಗಳೂ ಬೇಕಾಗುತ್ತವೆ. ಇಲ್ಲೊಂದು ಮಾತು ಹೇಳಲೇಬೇಕು. ಪ್ರತಿ ಪ್ರಾಥಮಿಕ ಕೇಂದ್ರಕ್ಕೆ ಒಬ್ಬ ವೈದ್ಯ ಎಂದರೆ ಲಕ್ಷಕ್ಕೆ 3.3 ವೈದ್ಯರು. ಎಲ್ಲ ಹುದ್ದೆಗಳೂ ತುಂಬಿ, ಎಲ್ಲರೂ ದಿನವೂ ಬಂದರೂ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಸುಸ್ಥಿರ ಅಭಿವೃದ್ಧಿ ಗುರಿಗಳಿಗಾಗಿ ಸೂಚಿಸಿದ ಮಿತಿ ಸಾವಿರ ಜನಕ್ಕೆ 4.45 ವೈದ್ಯ-ದಾದಿ-ಸೂಲಗಿತ್ತಿಯರು, ಈ ಜಿಲ್ಲೆಗೆ ಸುಮಾರು 9,690 ಮಂದಿ. ಭಾಷಣಗಳಲ್ಲಿ ಕೇಳಿಬರುವ 'ಸಾವಿರಕ್ಕೊಬ್ಬ ವೈದ್ಯ' ಎಂಬ ಸೂತ್ರವನ್ನು ಆ ಸಂಸ್ಥೆ ವಿಧಿಸಿದ್ದೇ ಇಲ್ಲ, ಆದರೂ ಅದರ ಹೆಸರಲ್ಲೇ ಓಡಾಡುತ್ತದೆ. ಅಂತೂ ಖಾಲಿ ಹುದ್ದೆಗಳ ಬಗ್ಗೆ ಕೂಗಾಡುವ ನಾವು ಮಾನದಂಡವೇ ಎಷ್ಟು ಕೃಶವಾದದ್ದು ಎಂಬುದನ್ನು ಕೇಳಿಲ್ಲ. ಖಾಸಗಿ ದವಾಖಾನೆ ಹಳ್ಳಿಯಲ್ಲಿ ಬೆಳೆದದ್ದು ಸರ್ಕಾರಿ ವ್ಯವಸ್ಥೆ ಸೋತದ್ದರಿಂದ ಮಾತ್ರವಲ್ಲ, ಅದು ಯೋಜನೆಯ ಮಟ್ಟದಲ್ಲೇ ಅಷ್ಟು ಚಿಕ್ಕದಾಗಿ ಕತ್ತರಿಸಲ್ಪಟ್ಟಿದ್ದರಿಂದಲೂ ಹೌದು.

1973ರ ಕರ್ತಾರ್ ಸಿಂಗ್ ಸಮಿತಿ ಬಹುಪಯೋಗಿ ಕಾರ್ಯಕರ್ತರ ಕಲ್ಪನೆ ಕೊಟ್ಟಿತು. ಹೆರಿಗೆಗೆಂದು ತಯಾರಾದ ನರ್ಸಬಾಯಿ ಮಲೇರಿಯಾ, ಕ್ಷಯ, ಕುಟುಂಬ ಯೋಜನೆ, ಲಸಿಕೆ ಎಲ್ಲಕ್ಕೂ ಹೊಣೆಯಾದಳು. 2018ರಲ್ಲಿ ಶುರುವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿ ಬಂದು ಕೂತರು. ಇಪ್ಪತ್ತು ವರ್ಷ ಊರು ತಿರುಗಿದ ಸಿಸ್ಟರ್‌ಗಿಂತ ಪದವಿಯಲ್ಲಿ ಮೇಲು, ಅನುಭವದಲ್ಲಿ ಕಿರಿಯ, ನೌಕರಿಯಲ್ಲಿ ಗುತ್ತಿಗೆ. ಒಂದೇ ಕೋಣೆಯಲ್ಲಿ ಎರಡು ಬಗೆಯ ಅರ್ಹತೆಗಳು ಎದುರುಬದುರಾದಾಗ ಹುಟ್ಟುವ ಇರಿಸುಮುರಿಸು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ.

ಸೂಲಗಿತ್ತಿಯ ಕಾಲ ಮುಗಿದಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲಾದವು. ಆ ಬದಲಾವಣೆಯನ್ನು ಹೊತ್ತು ತಂದವರಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಹುಟ್ಟಿದ ಈ ವರ್ಗಕ್ಕೆ ಸಾವಿರ ಜನಕ್ಕೊಬ್ಬರೆಂಬ ನಿಯಮ. ಅವರು 'ಸ್ವಯಂಸೇವಕಿ'ಯರಾದ್ದರಿಂದ ಆರೋಗ್ಯ ಸಿಬ್ಬಂದಿಯ ಅಧಿಕೃತ ಸಾಂದ್ರತೆಗೆ ಸೇರುವುದಿಲ್ಲ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆಯಬೇಕಾಯಿತು. ಇಂಡಿ, ಸಿಂದಗಿಯ ತಾಂಡಾಗಳಿಂದ, ಹಳ್ಳಿಗಳಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬದ ಬಸುರಿಯ ತಾಯಿ ಕಾರ್ಡು ಎಲ್ಲಿದೆ, ಮಗುವಿನ ಯಾವ ಲಸಿಕೆ ತಪ್ಪಿದೆ ಎಂಬುದು ಗೊತ್ತಿರುವುದು ಆಶಾ ಕಾರ್ಯಕರ್ತೆಗೆ ಮಾತ್ರ. ಲೆಕ್ಕದಲ್ಲಿ ಆಕೆಯಿಲ್ಲ. ಪದವಿ ಇಲ್ಲದ ಗಂಡಸು ಡಾಕ್ಟರೆಂದು ಹೇಳಿಕೊಂಡರೆ ಜನಗಣತಿ ಅವನನ್ನು ವೈದ್ಯರ ಕಾಲಮ್ಮಿಗೆ ಹಾಕಿತು. ತರಬೇತಿ ಪಡೆದ ಹೆಂಗಸನ್ನು ಇಲಾಖೆ ಯಾವ ಕಾಲಮ್ಮಿಗೂ ಹಾಕಲಿಲ್ಲ. ಆನಂದ್-ಫ್ಯಾನ್ ಲೆಕ್ಕದಲ್ಲಿ ಮಹಿಳೆಯರ ಪಾಲು ಶೇ. 38. ಅದೇ ಲೆಕ್ಕದಲ್ಲಿ ಅಲೋಪಥಿ ವೈದ್ಯೆಯರಲ್ಲಿ ಶೇ. 67 ಮಂದಿ ಅರ್ಹರು, ಪುರುಷರಲ್ಲಿ ಶೇ. 38.

ಕಾಲೇಜಿನ ಬೇಡಿಕೆ, ಎಣಿಕೆಯ ಬೇಡಿಕೆ

2025ರಲ್ಲಿ ವಿಜಯಪುರದಲ್ಲಿ ದೀರ್ಘ ಧರಣಿ ನಡೆಯಿತು. ಖಾಸಗಿ ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂಬುದು ಬೇಡಿಕೆ. ನ್ಯಾಯವಾದ ಬೇಡಿಕೆಯೇ, ಬಡವರ ಮಕ್ಕಳು ಓದಲು, ಬಡವರು ದೊಡ್ಡ ಚಿಕಿತ್ಸೆ ಪಡೆಯಲು ಅದು ಬೇಕು. ಆದರೆ ನಗರದಲ್ಲಿ ಮೂರನೆಯ ಕಾಲೇಜು ಬಂದ ಮಾತ್ರಕ್ಕೆ ನಾಲ್ಕು ತಾಲ್ಲೂಕುಗಳ ರಾತ್ರಿಯ ಲೆಕ್ಕ ಬದಲಾಗುತ್ತದೆಂದು ನಂಬಲು ಆಧಾರವಿಲ್ಲ. ನಾಲ್ಕು ದಶಕಗಳಿಂದ ಇರುವ ಎರಡು ಕಾಲೇಜುಗಳು ಅದನ್ನು ಬದಲಿಸಿಲ್ಲ. ಪದವಿ ಮುಗಿಸಿದವರಿಗೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯ ಮಾಡಿದ 2012ರ ರಾಜ್ಯ ಕಾಯ್ದೆ ಹಳ್ಳಿಗೆ ವೈದ್ಯರನ್ನು ಕಳಿಸಿತು, ಉಳಿಸಲಿಲ್ಲ. ಕಾಲೇಜು ಬಂದರೆ ಅದರ ಬೋಧನಾ ಘಟಕಗಳು ತಾಲ್ಲೂಕು ಆಸ್ಪತ್ರೆಗಳಲ್ಲಿರಬೇಕು, ಸ್ನಾತಕೋತ್ತರ ವಿದ್ಯಾರ್ಥಿಗಳ ಸರದಿ ಸಿಂದಗಿ, ಮುದ್ದೇಬಿಹಾಳಗಳಲ್ಲಿ ನಡೆಯಬೇಕು ಎಂಬ ಷರತ್ತನ್ನೂ ಧರಣಿಯ ಬೇಡಿಕೆಗೆ ಜೋಡಿಸಬೇಕಿತ್ತು.

ಎಣಿಕೆಗೆ ಬೇಕಾದ ಸಾಮಗ್ರಿ ಹೊಸದಾಗಿ ಹುಟ್ಟಬೇಕಾಗಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಪ್ರತಿ ದವಾಖಾನೆಯೂ ತನ್ನ ಪದ್ಧತಿ, ಸಿಬ್ಬಂದಿ, ಅರ್ಹತೆಗಳನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟು ನೋಂದಾಯಿಸಬೇಕು. ಆ ಕಡತದಲ್ಲಿ ವಿಳಾಸವಿದೆ, ಅಂದರೆ ತಾಲ್ಲೂಕಿದೆ. ಇಲಾಖೆಯ ವೇತನ ಪಟ್ಟಿಯಲ್ಲಿ ಕಾಯಂ ಮತ್ತು ಗುತ್ತಿಗೆಯವರಿದ್ದಾರೆ. ಆಶಾಗಳ ಪಟ್ಟಿ ಪ್ರತಿ ಪ್ರಾಥಮಿಕ ಕೇಂದ್ರದಲ್ಲಿದೆ. ಈ ಮೂರನ್ನೂ ಹೆಸರು ಮರೆಮಾಡಿ, ತಾಲ್ಲೂಕುವಾರು ಕೂಡಿಸಿ ಪ್ರಕಟಿಸಲು ಹೊಸ ಕಾನೂನು ಬೇಡ.

2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಆನಂದ್-ಫ್ಯಾನ್ ಬಳಸಿದ ದತ್ತಾಂಶಕ್ಕೆ ಅಷ್ಟು ಹೊತ್ತಿಗೆ ಇಪ್ಪತ್ತಾರು ವರ್ಷ ವಯಸ್ಸಾಗಿರುತ್ತದೆ. 2001 ಮತ್ತು 2011ರ ಜನಗಣತಿಗಳು ಉದ್ಯೋಗ, ವಿದ್ಯಾಭ್ಯಾಸಗಳ ಜತೆಗೆ ಕೆಲಸದ ಜಾಗಕ್ಕಿರುವ ದೂರವನ್ನೂ ಕೇಳಿದ್ದವು. ಈ ಮೂರು ಉತ್ತರಗಳನ್ನು ಆರೋಗ್ಯ ಸಿಬ್ಬಂದಿಯ ಮಟ್ಟಿಗೆ ಒಂದೇ ಕೋಷ್ಟಕದಲ್ಲಿ ತಾಲ್ಲೂಕುವಾರು ಕೂಡಿಸಿದರೆ ಹಗಲಿನ ವೈದ್ಯರೆಷ್ಟು, ರಾತ್ರಿಯ ವೈದ್ಯರೆಷ್ಟು, ಅವರಲ್ಲಿ ಅರ್ಹರೆಷ್ಟು ಎಂಬುದು ಇಂಡಿಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ, ಬಸವನ ಬಾಗೇವಾಡಿಗೆ ಬೇರೆಬೇರೆಯಾಗಿ ಸಿಗುತ್ತದೆ. ಅಂಥ ಕೋಷ್ಟಕವೊಂದನ್ನು ಈಗಲೇ ಕೇಳಿಡುವ ಕೆಲಸವನ್ನು ರಾಜ್ಯದ ಆರೋಗ್ಯ ಇಲಾಖೆ ಮಾಡಬೇಕು. ಇಲಾಖೆ ಮಾಡದಿದ್ದರೆ ಈ ಭಾಗದ ವಿಶ್ವವಿದ್ಯಾಲಯಗಳ ಸಂಶೋಧಕರು ಜನಗಣತಿ ನಿರ್ದೇಶನಾಲಯಕ್ಕೆ ಬರೆಯಬೇಕು. ಗಣತಿ ಮುಗಿದು ಕೋಷ್ಟಕಗಳ ಪಟ್ಟಿ ಗಟ್ಟಿಯಾದ ಮೇಲೆ ಕೇಳಿದರೆ ಮತ್ತೆ ಹತ್ತು ವರ್ಷ ಕಾಯಬೇಕಾಗುತ್ತದೆ.